ಅದರೊಳಗಿರೋ ಧ್ವನಿ ನನ್ನದೇ

…ಅಯ್ಯೋ, ಅಷ್ಟು ಜೋರಾಗಿ ಕೇಳಿಸ್ತಾ ಕೆಳಗೆ? ಇರಿ, ಇರಿ, ಸಣ್ಣ ಮಾಡ್ತೀನಿ. ಈ ತಿರುಪು ಒಂದು… ನಾನು ಎಡಕ್ಕೆ ಅಂದ್ರೆ ಇದು ಬಲಕ್ಕೆ ಅನ್ನುತ್ತೆ. ಹಾಂ. ಈಗ ನನ್ನ ಮಾತು ಕೇಳಿಸ್ತಾ? ಬನ್ನಿ ಒಳಗೆ. ಬಾಗಿಲಲ್ಲಿ ನಿಂತು ಜಗಳ ಆಡಿದ್ರೆ ಇಬ್ಬರಿಗೂ ಕಾಲುನೋವು, ಕೂತ್ಕೊಂಡೇ ಆಡೋಣ.

ಯಾಕೆ ನಗ್ತೀರಿ? ನಗಿ, ನಗಿ. ಬೈಯೋಕೆ ಬಂದವರು ನಕ್ಕುಬಿಟ್ರೆ ಅರ್ಧ ಕೇಸು ಬಿದ್ದುಹೋದ ಹಾಗೆ.

ನೀವ್ಯಾರು ಅಂತ ಗೊತ್ತು ನಂಗೆ. ಕೆಳಗಿನ ಮನೆಗೆ ಹೊಸದಾಗಿ ಬಂದ ನರ್ಸು. ನಾನು ಬೆಳಿಗ್ಗೆ ಹಾಲಿಗೆ ಅಂತ ಇಳಿಯೋವಾಗ ನೀವು ರಾತ್ರಿ ಪಾಳಿ ಮುಗಿಸಿ ಹತ್ತಿ ಬರ್ತಿರ್ತೀರಿ, ಕಣ್ಣು ಅರ್ಧ ಮುಚ್ಚಿ, ಚಪ್ಪಲಿ ಎಳೀತಾ. ಮಟಮಟ ಮಧ್ಯಾಹ್ನ ನಿಮಗೆ ನಡುರಾತ್ರಿ ಅಲ್ವಾ… ಛೆ! ಅಷ್ಟು ಹೊತ್ತಲ್ಲಿ ತಲೆ ಮೇಲೆ ಡಬಡಬ ಬಡಿದರೆ ಯಾರು ಸುಮ್ಮನಿರ್ತಾರೆ? ನಾನಾಗಿದ್ರೆ ಪೊರಕೆ ಹಿಡ್ಕೊಂಡೇ ಬರ್ತಿದ್ದೆ. ತಪ್ಪಾಯ್ತು ಸಿಸ್ಟರ್. ಸಿಸ್ಟರ್ ಅನ್ನಬಹುದಲ್ಲ? ಆಸ್ಪತ್ರೇಲಿ ಎಲ್ಲರೂ ಹಾಗೇ ಕರೀತಾರಲ್ಲ. ಊರಿಗೆಲ್ಲ ಸಿಸ್ಟರ್, ಮನೇಲಿ…? ಒಬ್ಬಳೇ ಮಗಳಾ? ಹೂಂ.

ನೀರು ಕುಡೀರಿ.

ಏನೋ ಕೇಳೋಕೆ ಹೊರಟು ನುಂಗಿಕೊಂಡ್ರಲ್ಲ! ‘ಈ ವಯಸ್ಸಲ್ಲಿ ಇಂಥದ್ದು ಕೇಳ್ತೀರಾ’ ಅಂತ ತಾನೆ? ಕೇಳ್ತೀನಿ. ಕೂದಲು ನರೆತ ಮೇಲೆ ಮೆಲ್ಲಗಿನ ಹಾಡನ್ನೇ ಕೇಳಬೇಕು ಅಂತ ಎಲ್ಲಿದೆ? ಇದಕ್ಕೆ ಬಿಗ್ ಬೀಟ್ ಅಂತಾರಂತೆ. ಕುಣಿಯೋರ ಸಂಗೀತ. ಮೊದಲ ಸಲ ಕೇಳಿದಾಗ ನಾನೂ ಕಿವಿ ಮುಚ್ಚಿಕೊಂಡಿದ್ದೆ. ಯಾರೋ ಬೀರುವನ್ನ ಮೆಟ್ಟಿಲ ಮೇಲಿಂದ ಉರುಳಿಸ್ತಾ ಇದಾರೆ, ಅದೂ ತಾಳ ತಪ್ಪದ ಹಾಗೆ!

ಆದ್ರೆ ಸ್ವಲ್ಪ ಕೇಳಿ… ಇಲ್ಲ ಇಲ್ಲ, ಜೋರು ಮಾಡಲ್ಲ. ಇಷ್ಟರಲ್ಲೇ ಕೇಳಿ. ಡ್ರಮ್ಮಿನ ಹಿಂದೆ ಒಂದು ತುತ್ತೂರಿ ಇದೆ, ಕೇಳಿಸ್ತಾ? ಅದು ಈ ಹಾಡು ಮಾಡಿದೋರು ಊದಿದ್ದಲ್ಲ. ಯಾವುದೋ ಹಳೇ ಗ್ರಾಮಫೋನ್ ತಟ್ಟೆಯಿಂದ ಕಿತ್ತಿದ್ದು, ಧೂಳಿನ ಕರಕರ ಸಮೇತ. ಆ ನಗು? ಯಾವನೋ ಮುದುಕ ಯಾವುದೋ ಕಾಲದಲ್ಲಿ ರೇಡಿಯೋ ನಾಟಕದಲ್ಲಿ ನಕ್ಕಿದ್ದು. ಆಮೇಲೆ ಟೈಪ್‌ರೈಟರಿನ ಗಂಟೆ… ಟಿಂಗ್! ಅದಾದ ಮೇಲೆ ಯಾರದೋ ಸೀನು. ಹೌದು, ಸೀನೇ, ಆಕ್ಷೀ ಅಂತ! ಒಂದೂ ಇವರದ್ದಲ್ಲ. ಎಲ್ಲಾ ಅಲ್ಲಿಂದ ಇಲ್ಲಿಂದ ಹೆಕ್ಕಿದ ಚೂರು. ಸ್ಯಾಂಪಲ್ ಅಂತಾರೆ. ಒಂದಕ್ಕೊಂದು ಪರಿಚಯ ಇಲ್ಲ, ಸಂಬಂಧ ಇಲ್ಲ. ಅಂಥವನ್ನೆಲ್ಲ ಒಂದೇ ಕೋಣೆಗೆ ತಳ್ಳಿ, ಹೊರಗಿಂದ ಚಿಲಕ ಹಾಕಿ, ಕುಣೀರಿ ಅಂದಿದಾರೆ. ಕುಣೀತಾವೆ ನೋಡಿ!

ಈಗ… ಈಗ ಬರುತ್ತೆ… ಡ್ರಮ್ಮು ನಿಂತಿತಾ? ಇದು. ಈ ಹೆಂಗಸಿನ ಧ್ವನಿ. ‘ಯಾರಾದರೂ ಉಳಿದಿದ್ದೀರಾ? ಬನ್ನಿ, ಬನ್ನಿ, ಕಾಯ್ತೀವಿ.’

ಅದು ನಾನೇ.

ಹಾಗೆ ನೋಡಬೇಡಿ. ನಿಜ. ದೊಡ್ಡ ಬಸ್ ನಿಲ್ದಾಣ ಇದೆಯಲ್ಲ, ಅಲ್ಲಿ ಮೇಲೊಂದು ಗಾಜಿನ ಗೂಡು ಇತ್ತು. ಅಲ್ಲಿ ಕೂತು ಮೈಕಿನಲ್ಲಿ ಹೇಳೋದು ನನ್ನ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ… ಇಷ್ಟೇ. ಕೆಳಗೆ, ಗೋದಾಮಿನ ಪಕ್ಕ, ನನ್ನ ತಂಗಿ. ಅವಳದ್ದು ಕಳೆದುಹೋದ ಸಾಮಾನಿನ ಕೌಂಟರ್. ಅಬ್ಬಾ, ಅದೊಂದು ಲೋಕ ಸಿಸ್ಟರ್! ಛತ್ರಿಗಳಿಗೆ ಲೆಕ್ಕವೇ ಇಲ್ಲ. ಒಂಟಿ ಚಪ್ಪಲಿ… ಒಂದೇ ಚಪ್ಪಲಿ ಬಿಟ್ಟು ಮನುಷ್ಯ ಹೆಂಗೆ ಮನೆಗೆ ಹೋಗ್ತಾನೆ ಅಂತ ಇವತ್ತಿಗೂ ತಿಳಿದಿಲ್ಲ. ಕರ್ಚೀಫಲ್ಲಿ ಸುತ್ತಿದ ಹಲ್ಲುಸೆಟ್ಟು. ಬ್ಯಾಗಿನೊಳಗೆ ಟಿಕ್ ಟಿಕ್ ಅಂತಿದ್ದ ಗೋಡೆ ಗಡಿಯಾರ. ಅದಕ್ಕೆ ಪೊಲೀಸರನ್ನೇ ಕರೆಸಿಬಿಟ್ಟಿದ್ರು! ಹೊಸ ವಸ್ತು ಬಂದರೆ ಮೊದಲು ಒರೆಸಬೇಕು, ಆಮೇಲೆ ಒಂದು ಸಲ ಮೂಸಬೇಕು. ವಾಸನೆಯಿಂದ ಗೊತ್ತಾಗುತ್ತೆ, ಯಾರದೋ ಅಡುಗೆಮನೆಯದಾ, ಆಸ್ಪತ್ರೆಯದಾ, ಮಗು ಇರೋ ಮನೆಯದಾ ಅಂತ. ಬೆರಳಿಗೆ ಕೂಡ…

ಹಾಂ, ಅವಳು ಹೇಳ್ತಿದ್ಲು. ತಂಗಿ. ಅವಳಿಂದ ಕೇಳಿದ್ದು.

ಅವಳೇ ಹೇಳಿದ್ದು ಇನ್ನೊಂದು ಮಾತು. ಈ ಆಲ್ಬಂ ಇಡಿಯಾಗಿ ಅವಳ ಕಪಾಟಿನ ಹಾಗೇ ಇದೆ ಅಂತ. ವಾರಸುದಾರರಿಲ್ಲದ ಸಾಮಾನೆಲ್ಲ ಬೀಗ ಹಾಕಿದ ಮೇಲೆ ಎದ್ದು ಕುಣಿದರೆ ಹೀಗೇ ಇರಬಹುದು ಅಂತ. ಅದಕ್ಕೇ ಇಷ್ಟ ಇದು. ಒಂಟಿ ಚಪ್ಪಲಿಗೂ ಒಂದು ಕೆಲಸ ಸಿಕ್ಕಿದೆ ಇದರಲ್ಲಿ.

ಧ್ವನಿ ಅದರೊಳಗೆ ಹೆಂಗೆ ಹೋಯ್ತು ಅಂದ್ರಾ? ಅದೇ ಹೇಳ್ತಿದ್ದೆ, ಚಪ್ಪಲಿ ಅಡ್ಡ ಬಂತು. ಕೊನೆ ಬಸ್ಸು ಹೊರಡೋ ಮುಂಚೆ ಹೇಳಬೇಕಾದ್ದು ಒಂದೇ ಸಾಲು: ‘ಕೊನೆಯ ಬಸ್ಸು ಹೊರಡಲಿದೆ.’ ಅಷ್ಟೇ ನಿಯಮ. ಆದ್ರೆ ಅವಳು… ನಾನು, ಅದಕ್ಕೆ ಸ್ವಂತದ್ದೊಂದು ಬಾಲ ಸೇರಿಸ್ತಿದ್ದೆ. ‘ಯಾರಾದರೂ ಉಳಿದಿದ್ದೀರಾ? ಬನ್ನಿ, ಬನ್ನಿ, ಕಾಯ್ತೀವಿ.’ ಮೇಲಧಿಕಾರಿ ಕರೆದು ಬೈದ, ‘ಮೈಕಿನಲ್ಲಿ ಮನೆ ಮಾತು ಬೇಡ’ ಅಂತ. ಬಿಡಲಿಲ್ಲ. ಗಂಟುಮೂಟೆ ಹೊತ್ತು ಓಡಿ ಬರ್ತಿರೋರಿಗೆ ಅದೊಂದು ಮಾತು ಕಿವಿಗೆ ಬಿದ್ರೆ ಸಾಕು, ಇನ್ನೂ ನಾಲ್ಕು ಹೆಜ್ಜೆ ಓಡ್ತಾರೆ. ಡ್ರೈವರುಗಳೂ ಕಾಯ್ತಿದ್ರು. ಆ ಧ್ವನಿ ಕಾಯ್ತೀವಿ ಅಂದ ಮೇಲೆ ಗೇರು ಹಾಕೋಕೆ ಯಾರಿಗೆ ಧೈರ್ಯ?

ಒಂದಿನ ಇಬ್ಬರು ಗಂಡಸರು ಬಂದ್ರು, ಒಬ್ಬ ಗಡ್ಡದವನು, ಒಬ್ಬ ಕನ್ನಡಕದವನು, ಈ ಆಲ್ಬಂ ಮಾಡಿದೋರೇ. ಕೈಯಲ್ಲಿ ರೆಕಾರ್ಡರು. ಬಸ್ಸಿನ ಬಾಗಿಲ ಸದ್ದು, ಸೀಟಿ, ಕಸ ಗುಡಿಸೋ ಸದ್ದು, ಎಲ್ಲಾ ಹಿಡ್ಕೊಂಡು ಓಡಾಡ್ತಿದ್ರು. ಈ ಮಾತು ಕೇಳಿದ್ದೇ ನಿಂತ ಕಡೆ ನಿಂತುಬಿಟ್ರು. ಮೇಲೆ ಹತ್ತಿ ಬಂದು ಕೇಳಿದ್ರು, ಬಳಸಿಕೊಳ್ಳಬಹುದಾ ಅಂತ. ‘ತಗೊಳ್ರಪ್ಪ, ಧ್ವನಿ ಏನು ಸವೆಯುತ್ತಾ?’ ಅಂದ್ಲು… ಅಂದೆ ನಾನು.

ಆಮೇಲೆ ಅವರು ಕರೆದ್ರು, ನಮ್ಮ ಕಾರ್ಯಕ್ರಮ ಇದೆ, ಬನ್ನಿ ನೋಡಿ ಅಂತ. ಒಂದು ಹಳೇ ಕಾರ್ಖಾನೆ ಶೆಡ್ಡು. ಒಳಗೆ ಕಾಲಿಡೋಕೆ ಜಾಗ ಇಲ್ಲ, ಬೆವರಿನ ಹಬೆ. ನೆಲ ನಡುಗ್ತಿದೆ, ನನ್ನ ಹಲ್ಲು ನಡುಗ್ತಿದೆ. ಎದೆಗೂಡೊಳಗೆ ಯಾರೋ ಮಂಚ ಎಳೆದಾಡಿದ ಹಾಗೆ. ಇದ್ದಕ್ಕಿದ್ದ ಹಾಗೆ ಎಲ್ಲಾ ಬಂದ್. ದೀಪ ಬಂದ್. ಕತ್ತಲಲ್ಲಿ ಆ ಧ್ವನಿ, ‘ಯಾರಾದರೂ ಉಳಿದಿದ್ದೀರಾ?’ ಅಷ್ಟೂ ಜನ ಒಟ್ಟಿಗೆ ಕೂಗಿದ್ರು ಸಿಸ್ಟರ್, ‘ಇದ್ದೀವಿ!’ ಅಂತ. ಆಗ ಬಿತ್ತು ನೋಡಿ ಡ್ರಮ್ಮು! ಚಾವಣಿ ಹಾರಿಹೋಗಬೇಕಿತ್ತು. ಅವಳ ಮುಖ ನೋಡಬೇಕಿತ್ತು ಆಗ… ಅಕ್ಕ ನನ್ನ ಕೈ ಹಿಡ್ಕೊಂಡು…

ತಂಗಿ. ತಂಗಿ ಕೈ ಹಿಡ್ಕೊಂಡಳು ಅಂದೆ. ವಯಸ್ಸಾಯ್ತು ನೋಡಿ, ನಾಲಿಗೆ ಜಾರುತ್ತೆ.

ಏನು? ಹೇಳಿ ತೋರಿಸಬೇಕಾ? ಈಗಲಾ? ಅಯ್ಯೋ ಬೇಡಪ್ಪ. ಗಂಟಲು ಕಟ್ಟಿದೆ. ಮೈಕೂ ಇಲ್ಲ. ಆ ಗಾಜಿನ ಗೂಡಲ್ಲಿ ಕೂತರೆ ಬರೋ ಧ್ವನಿ ಈ ಕುರ್ಚಿ ಮೇಲೆ ಬರುತ್ತಾ? ಬಿಡಿ… ಬಿಡಲ್ಲ ನೀವು. ನರ್ಸಮ್ಮ ತಾನೆ, ಬಾಯಿ ತೆಗೀರಿ ಅಂದ್ರೆ ತೆಗೀಲೇಬೇಕು. ಸರಿ. ನಗಬಾರದು.

ಯಾರಾದರೂ ಉಳಿದಿದ್ದೀರಾ… ಬನ್ನಿ, ಬನ್ನಿ… ಕಾಯ್ತೀವಿ.

…

ಏನಾದ್ರೂ ಅನ್ನಿ.

…ನಗಬಾರದು ಅಂದಿದ್ದು, ಮಾತಾಡಬಾರದು ಅನ್ನಲಿಲ್ಲ. ಇಷ್ಟು ಹೊತ್ತು ಹೂಂ ಹೂಂ ಅಂತಿದ್ರಿ. ಸುಳ್ಳು ಹೇಳಿದೆ ಅಂತಾದ್ರೂ ಅನ್ನಿ. ಗಂಟಲು ಕಟ್ಟಿರೋರ ಧ್ವನಿ ದಿನಾ ಕೇಳ್ತೀರಿ ನೀವು. ಕಟ್ಟಿದ ಗಂಟಲು ಯಾವುದು, ಬೇರೆ ಗಂಟಲು ಯಾವುದು ಅಂತ ನಿಮಗೆ ತಿಳಿಯಲ್ವಾ?

ಹೌದು. ನಾನು ತಂಗಿ.

ಛತ್ರಿ, ಹಲ್ಲುಸೆಟ್ಟು, ಒಂಟಿ ಚಪ್ಪಲಿ, ಅದು ನಾನು. ಮೇಲಿನ ಗೂಡಲ್ಲಿದ್ದವಳು ಅಕ್ಕ. ಇದರೊಳಗಿರೋಳು ಅಕ್ಕ. ನನ್ನದು ಸೊಳ್ಳೆ ಧ್ವನಿ, ಚಿಕ್ಕಂದಿನಿಂದ.

ಯಾಕೆ ಹಾಗಂದೆ ಅಂದ್ರೆ… ಅಕ್ಕನ ಧ್ವನಿ ಅಂದ ತಕ್ಷಣ ಎಲ್ಲರೂ ಮುಂದಿನ ಪ್ರಶ್ನೆ ಅದನ್ನೇ ಕೇಳ್ತಾರೆ, ‘ಅಕ್ಕ ಈಗ ಎಲ್ಲಿದಾರೆ?’ ಅಂತ. ನಂದು ಅಂದುಬಿಟ್ರೆ ಆ ಪ್ರಶ್ನೆ ಇಲ್ಲ. ನಾನು ಇಲ್ಲೇ ಇದೀನಲ್ಲ, ಕಣ್ಣೆದುರಿಗೆ. ಯಾರೂ ಏನೂ ಕೇಳಲ್ಲ.

ಅಕ್ಕನ ಗಂಟಲಲ್ಲಿ ಗಡ್ಡೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕತ್ತರಿಸಿ ತೆಗೆದ್ರು. ಜೀವ ಉಳೀತು, ಧ್ವನಿ ಹೋಯ್ತು. ನಿಲ್ದಾಣದಲ್ಲಿ ಯಂತ್ರ ಬಂತು, ಅದು ಯಾರಿಗೂ ಕಾಯಲ್ಲ. ಮನೆಗೆ ಬಂದವಳು ನನ್ನ ಮುಖ ಕೂಡ ನೋಡ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗೋದು. ನಾನೋ, ಬಾಯಿಬಡಕಿ! ಎರಡಾಳಿನ ಮಾತು ಒಬ್ಬಳೇ ಆಡ್ತಿದ್ದೆ. ನಾನೇ ಕೇಳೋದು, ನಾನೇ ಉತ್ತರ ಕೊಡೋದು.

ಒಂದು ಸಂಜೆ ಸೊಪ್ಪು ತಗೊಂಡು ಬರ್ತೀನಿ, ಮೆಟ್ಟಿಲಿನವರೆಗೂ ಈ ಡಬಡಬ. ಅಕ್ಕ ತಾನೇ ಎದ್ದು ಇದನ್ನ ಹಾಕಿದಾಳೆ. ಇಲ್ಲೇ, ಈ ಕಿಟಕಿ ಹತ್ತಿರ, ಗೂಡಲ್ಲಿ ನಿಲ್ಲೋ ಹಾಗೆ ಒಂದು ಕೈ ಕಿವಿಗಿಟ್ಟು ನಿಂತಿದಾಳೆ. ಡ್ರಮ್ಮು ನಿಂತಿತು. ಅವಳ ತುಟಿ ಅಲ್ಲಾಡಿತು. ‘ಯಾರಾದರೂ ಉಳಿದಿದ್ದೀರಾ?’ ಸರಿಯಾಗಿ, ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ! ಸಿಸ್ಟರ್, ಒಂದು ಕ್ಷಣ ನನಗೆ… ಧ್ವನಿ ವಾಪಸ್ ಬಂತು ಅಂತಲೇ ಅನ್ನಿಸ್ತು. ಕೈಯಲ್ಲಿದ್ದ ಸೊಪ್ಪೆಲ್ಲ ನೆಲಕ್ಕೆ. ‘ಇದ್ದೀನಿ ಕಣೇ!’ ಅಂತ ಕಿರುಚಿದೆ. ಡ್ರಮ್ಮು ಬಿತ್ತು. ಅವಳು ಕುಣಿದಳು. ಮಂಡಿನೋವಿನ ಅಕ್ಕ! ನಾನೂ ಕುಣಿದೆ. ಸೊಪ್ಪು ತುಳಿದು, ಜಾರಿ, ಇಬ್ಬರೂ ಬಿದ್ದು… ಸದ್ದಿಲ್ಲದೆ ನಗ್ತಿದ್ದಳು, ಹೊಟ್ಟೆ ಮಾತ್ರ ಕುಲುಕ್ತಿತ್ತು.

ಆಮೇಲೆ ಅದೇ ಅಭ್ಯಾಸ ಆಯ್ತು. ನಮ್ಮ ಜಗಳಕ್ಕೂ ಇದೇ, ರಾಜಿಗೂ ಇದೇ. ಆಲ್ಬಂ ಹಾಕಿದಳು ಅಂದ್ರೆ ಕೋಪ ಇಳೀತು ಅಂತ.

ಗಡ್ಡೆ ಮತ್ತೆ ಬಂತು. ಹೋದ ಚಳಿಗಾಲದಲ್ಲಿ… ಹೂಂ. ಬೇಡ. ನಿಮಗೆ ಗೊತ್ತಿರೋದೇ.

ಸಣ್ಣಗೆ ಇಟ್ಕೊಂಡು ಕೇಳಿದ್ದೀನಿ, ಕೇಳಿಲ್ಲ ಅಂತಲ್ಲ. ಸಣ್ಣಗಿಟ್ರೆ ಅದು ಬರೀ ಹಾಡು. ಜೋರಾಗಿಟ್ರೆ ಅಡುಗೆಮನೆಯ ಲೋಟ ಗಲಗಲ ಅನ್ನುತ್ತೆ, ಬಾಗಿಲು ಅದುರುತ್ತೆ, ಮಂಚ ಕಿರ್ ಅನ್ನುತ್ತೆ. ಒಳಗೆ ಯಾರೋ ಓಡಾಡ್ತಾ ಇದಾರೆ ಅನ್ನೋ ಹಾಗೆ. ಅಷ್ಟಕ್ಕೇ ಸಿಸ್ಟರ್. ಕಿಟಕಿ ಹತ್ತಿರ ನಿಂತು ತುಟಿ ಅಲ್ಲಾಡಿಸಿ ನೋಡಿದೆ ನಾನೂ. ಹೊಂದಲ್ಲ ನನಗೆ. ಅವಳು ಉಸಿರು ತಗೊಳ್ಳೋ ಜಾಗದಲ್ಲಿ ನಾನು ಮುಂದೆ ಹೋಗಿರ್ತೀನಿ.

ಸರಿ, ಇನ್ನು ಹಾಕಲ್ಲ. ನೀವು ರಾತ್ರಿಯೆಲ್ಲ ಜನರನ್ನ ನೋಡ್ಕೊಂಡು ಬಂದಿರ್ತೀರಿ, ನಿಮ್ಮ ನಿದ್ದೆಗೆ ನಾನು… ಹೋಗಿ ಮಲಗಿ. ಹೋಗಿ.

ಅಲ್ಲ, ಬಾಗಿಲು ಈ ಕಡೆ. ಅಲ್ಲೇನಿದೆ? ಕಂಬಳಿ ಯಾಕೆ ತಗೊಂಡ್ರಿ? ಅಕ್ಕನ ಕಂಬಳಿ ಅದು. ಚಳಿನಾ ನಿಮಗೆ? ಯಾಕೆ ಮಡಚ್ತಾ ಇದೀರಿ… ನೆಲಕ್ಕೆ ಹಾಕ್ತೀರಾ?

ಓ.

ಸ್ಪೀಕರಿನ ಅಡಿಗೆ.

…ನೆಲಕ್ಕೆ ತಾಗದೆ ಇದ್ರೆ ಸದ್ದು ಕೆಳಗೆ ಬರಲ್ಲ ಅಂತಲಾ? ಅಷ್ಟೇನಾ? ತಡೀರಿ, ತಡೀರಿ, ಸೊಂಟ ಉಳುಕೀತು! ಗಡ್ಡದವನು ಕೊಟ್ಟ ಸ್ಪೀಕರು, ಕಬ್ಬಿಣದ ಹಾಗಿದೆ. ಒಬ್ಬರ ಕೈಲಿ ಆಗಲ್ಲ ಅದು. ಇರಿ, ಆ ತುದಿ ನಾನು ಹಿಡೀತೀನಿ.