ಮುಳ್ಳು ನಲವತ್ತರಲ್ಲೇ ಇತ್ತು

ನಾನು, ಓಣಿಯವರ ಬಾಯಲ್ಲಿ ಗಾಬರಣ್ಣ, ವಯಸ್ಸು 46, ಕೆಲಸ ಕಾರಿನ ಸೀಟು ಹೊಲಿಯುವುದು, ಓದು ಐದನೆಯ ತರಗತಿ, ಅದೂ ನಡುನಡುವೆ ಬಿಟ್ಟು, ವಾಸ ಟೈರ್ ಅಂಗಡಿಯ ಹಿಂದಿನ ಮನೆ. ಇಂದು ನಾನಾಗಿಯೇ ಠಾಣೆಗೆ ಬಂದು ಸಾಹೇಬರ ಮುಂದೆ ಹೇಳಿ ಬರೆಸುವುದೇನೆಂದರೆ:

ಭಾನುವಾರ ಬೆಳಗಿನ ಜಾವ ನನಗೆ ಕೆಟ್ಟ ಕನಸು ಬಿತ್ತು. ಭಾವನ ಕಾರಿನ ಚಕ್ರಗಳು ನಿಂತಲ್ಲೇ ಬೆಳೆದು ಕಾರು ಮನೆಯ ಮಾಡಿನ ಮಟ್ಟಕ್ಕೆ ಏರಿತ್ತು, ಒಳಗಿದ್ದ ನನಗೆ ಇಳಿಯಲು ಕಾಲು ಎಟುಕಲಿಲ್ಲ. ಹೆಂಡತಿಗೆ ಹೇಳಿದೆ. ನಿಮಗೆ ನಿಂತ ಕಾರೂ ಭಯ, ಓಡೋ ಕಾರೂ ಭಯ, ಎದ್ದು ಮುಖ ತೊಳೀರಿ ಎಂದಳು. ಕನಸು ಬರೆಯುವ ಹಾಗಿಲ್ಲ ಎಂದು ಸಾಹೇಬರು ಹೇಳಿದರು. ಇರಲಿ ಬಿಡಿ ಎಂದು ಕೇಳಿಕೊಂಡೆ.

ಭಾವ ಎಂದರೆ ಅಕ್ಕನ ಗಂಡ, ಶಾಲಾ ಬಸ್ಸಿನ ಡ್ರೈವರ್. ಅಕ್ಕನ ಮನೆಯ ಒಲೆ ಉರಿಯುವುದು ಅವರ ಲೈಸೆನ್ಸಿನಿಂದ. ಅವರ ಹತ್ತಿರ ಹಳೆಯ, ಉದ್ದ ಮೂತಿಯ, ಎರಡೇ ಬಾಗಿಲಿನ, ಭಾರೀ ಎಂಜಿನ್ನಿನ ಮಸಲ್ ಕಾರಿದೆ. ಶನಿವಾರ ಅದಕ್ಕೆ ಹೇಳಿ ಮಾಡಿಸಿದ ಚಕ್ರ ಹಾಕಿಸಿದರು. ಮೊದಲು ಹದಿನೈದು ಇಂಚಿನ ರಿಮ್, ಈಗ ಇಪ್ಪತ್ತನಾಲ್ಕು. ಟೈರ್ ಸೇರಿ ನನ್ನ ತೊಡೆಯೆತ್ತರ. ಟೈರ್ ಅಂಗಡಿಯ ಮೇಸ್ತ್ರಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರಿಸಿ, ಜಾಗ ಬೇಕಾದಷ್ಟಿದೆ ಎಂದರು. ಆಗ ಕಾರು ಖಾಲಿ, ಚಕ್ರ ನೇರ. ತಿರುಗಿಸಿ ನೋಡಲು ಯಾರಿಗೂ ತೋಚಲಿಲ್ಲ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದೆವು. ಮಲಗಿದ್ದ ಪ್ರಾಣಿ ಎದ್ದು ಮೈ ಮುರಿದ ಹಾಗಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭಾವನ ಪಕ್ಕ ಕೂತೆ. ಮಂಚದ ಮೇಲೆ ಕೂತು ಊರು ಸುತ್ತಿದಷ್ಟು ಎತ್ತರ. ಸಣ್ಣ ಕಲ್ಲೂ ಬೆನ್ನಿಗೆ ಬಡಿಯುತ್ತಿತ್ತು. ಸ್ಟೇರಿಂಗ್ ಭಾರವಾಗಿ ಭಾವ ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಮನೆಯಿಂದ ಸೇತುವೆಗೆ ಯಾವಾಗಲೂ ಹತ್ತು ಕಿಲೋಮೀಟರ್, ಅಂದು ಕಾರಿನ ದೂರದ ಮೀಟರ್ ಒಂಬತ್ತು ತೋರಿಸಿತು. ಚಕ್ರ ನೋಡಿ ರಸ್ತೇನೇ ನಾಚಿ ಮುದುಡಿಕೊಂಡಿದೆ ಕಣೋ ಎಂದು ಭಾವ ನಕ್ಕರು. ನಾನೂ ನಕ್ಕೆ.

ಸೇತುವೆಯಾಚೆಯ ರಸ್ತೆಗೆ ವೇಗ ಮಿತಿ ನಲವತ್ತು ಎಂದು ಫಲಕವಿದೆ. ನಾನು ವೇಗ ತೋರಿಸುವ ಮೀಟರಿನ ಮುಳ್ಳನ್ನೇ ನೋಡುತ್ತಿದ್ದೆ, ಅದು ನನ್ನ ಚಾಳಿ. ಮುಳ್ಳು ಬಿಟ್ಟು ಜನರ ಮುಖ ನೋಡೋ ಪುಕ್ಕಲ ಎಂದು ಭಾವ ಬೈದರು. ಮುಳ್ಳು ನಲವತ್ತಕ್ಕೆ ಅಂಟಿಕೊಂಡಿತ್ತು, ದಾಟಲಿಲ್ಲ.

ಕ್ಷೌರದಂಗಡಿಯ ತಿರುವಿನಲ್ಲಿ ಭಾವ ಬ್ರೇಕ್ ಒತ್ತಿ ತಿರುಗಿಸಿದರು. ಕಾರಿನ ಮೂತಿ ತಗ್ಗಿತು, ಟೈರ್ ಮಡ್‌ಗಾರ್ಡಿಗೆ ಕಚ್ಚಿಕೊಂಡು ಕಿರುಚಿತು, ಚಕ್ರ ಅರ್ಧಕ್ಕೇ ನಿಂತಿತು. ಕಾರು ನೇರ ಹೋಗಿ ಅಂಗಡಿಯ ಮೆಟ್ಟಿಲಿಗೆ ಬಡಿಯಿತು. ಅಲ್ಲಿ ಕತ್ತರಿ ಹಿಡಿದು ನಿಂತಿದ್ದ ಕ್ಷೌರಿಕರ ಕಾಲು ಮುರಿಯಿತು. ಪಕ್ಕಕ್ಕೆ ಸರಿಯಬಾರದಿತ್ತೇ ಎಂದು ಅವರನ್ನು ಎತ್ತುವಾಗ ಕೇಳಿದೆ. ಎಂಥಾ ಗಾಡಿ ಅಣ್ಣಾ, ನೋಡ್ತಾ ನೋಡ್ತಾ ಕಾಲೇ ಏಳಲಿಲ್ಲ ಎಂದರು.

ಕಾರು ಮಿತಿ ಮೀರಿ ಬಂತು ಎಂದು ಕ್ಷೌರಿಕರು ಹೇಳಿದ್ದಾರೆ. ನಲವತ್ತರಲ್ಲೇ ಇತ್ತು, ನನ್ನ ಭಾಮೈದನನ್ನು ಕೇಳಿ ಎಂದು ಭಾವ ಹೇಳಿದ್ದಾರೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ.

ಆದರೆ ಆ ಒಂಬತ್ತು ಕಿಲೋಮೀಟರ್ ನನ್ನ ನಿದ್ದೆ ಕೆಡಿಸಿದೆ. ರಸ್ತೆ ಮುದುಡುವುದಿಲ್ಲ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಸುತ್ತು ಮಾತ್ರ ಎಣಿಸುವ ಮೀಟರಿಗೆ ಅದು ಗೊತ್ತಾಗಿಲ್ಲ. ಹಾಗಾದರೆ ಮುಳ್ಳಿಗೂ ಗೊತ್ತಾಗಿರಲಿಕ್ಕಿಲ್ಲ.

ಮೇಲೆ ಬರೆಸಿದ್ದು ನಾನು ಕಂಡದ್ದು, ಓದಿ ಹೇಳಿದ್ದನ್ನು ಕೇಳಿ ಸರಿಯೆಂದು ಒಪ್ಪಿದ್ದೇನೆ.

ಸ್ಥಳ: ಠಾಣೆ
ದಿನ: ಬುಧವಾರ
ಸಹಿ: ಗಾಬರಣ್ಣ, ಸೀಟು ಹೊಲಿಯುವವನು

ಸಹಿಯ ಕೆಳಗೆ ಇಷ್ಟನ್ನು ಸೇರಿಸಿಕೊಳ್ಳಿ ಸಾಹೇಬರೇ. ಮುಳ್ಳು ನಲವತ್ತರಲ್ಲಿತ್ತು, ಭಾವ ನಂಬಿದ್ದು ಅದನ್ನೇ. ಕಾರು ನಲವತ್ತರಲ್ಲಿತ್ತೇ ಎಂಬುದೊಂದನ್ನು ಮಾತ್ರ, ಆ ಚಕ್ರ ಅಳೆದು, ದಯವಿಟ್ಟು ಇನ್ನೊಮ್ಮೆ ನೋಡಿ.