ಚಂದ್ರಿಯ ಗಬ್ಬ

"ಹಲೋ, ಯಾರು ಮಾತಾಡ್ತಿರೋದು? ... ಯಾವ ಹೇರಂಬ? ... ಹಾಂ, ಸಾಗರದ ಡಾಕ್ಟ್ರಾ. ಏನಪ್ಪಾ, ನಾಯಿ ಬೆಕ್ಕುಗಳ ಮಧ್ಯೆ ನನ್ನ ನೆನಪಾಯ್ತಾ?"

ಹುಂಚದ ಯಮುನಮ್ಮನ ಕೊಟ್ಟಿಗೆಯಲ್ಲಿ ನಿಂತಿದ್ದ ಪಶುವೈದ್ಯೆ ಸುಪ್ರಿಯಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಬಲಗೈಯಲ್ಲಿ ಮದ್ದು ತುಂಬಿದ ಸಿರಿಂಜು. ಕರು ಹಾಕಿ ಎಷ್ಟೋ ಕಾಲವಾದರೂ ಹಸು ಚಂದ್ರಿ ಬೆದೆಗೆ ಬಂದಿಲ್ಲ, ಏನಾದರೂ ಕೊಡಿ ಎಂದು ಯಮುನಮ್ಮ ಕರೆಸಿದ್ದರು; ಕೈ ತೊಳೆಯಲು ಬಿಸಿನೀರು ತರುತ್ತೇನೆಂದು ಈಗಷ್ಟೇ ಒಳಗೆ ಹೋಗಿದ್ದರು. ಹೇರಂಬ ಅವಳ ಸಹಪಾಠಿ. ಸಾಗರದಲ್ಲಿ ಸ್ವಂತ ಕ್ಲಿನಿಕ್ಕು, ಹೆಗಲಿಗೆ ನೇತುಹಾಕಿಕೊಂಡು ಕೊಟ್ಟಿಗೆಗೇ ಒಯ್ಯುವ ಸ್ಕ್ಯಾನಿಂಗ್ ಯಂತ್ರ. ಬ್ಯಾಚಿನ ಗ್ರೂಪಿನಲ್ಲಿ ಅವನು ಅದರ ಫೋಟೋ ಹಾಕಿದಾಗಲೆಲ್ಲ ಸುಪ್ರಿಯಾ ಹಿಗ್ಗಿಸಿ ನೋಡುತ್ತಿದ್ದಳು, ಮೆಚ್ಚುಗೆಯ ಹೆಬ್ಬೆರಳು ಮಾತ್ರ ಒತ್ತುತ್ತಿರಲಿಲ್ಲ.

"ಹೌದು, ಯಮುನಮ್ಮನ ಮನೇಲೇ ಇದ್ದೀನಿ. ನಿಂಗ್ಯಾರು ಹೇಳಿದ್ರು? ... ಸೊಸೆಯಾ? ಮೇಧಾ ನಿಂಗ್ಯಾಕೆ ಫೋನ್ ಮಾಡ್ತಾಳೆ?"

...

"ಇಲ್ಲ, ಇನ್ನೂ ಕೊಟ್ಟಿಲ್ಲ. ಸಿರಿಂಜ್ ಕೈಯಲ್ಲೇ ಇದೆ. ಯಾಕೆ? ... ಏನಂದೆ? ... ಇನ್ನೊಂದ್ ಸಲ ಹೇಳು."

ಅವನು ಇನ್ನೊಮ್ಮೆ ಹೇಳಿದ. ಯಮುನಮ್ಮ ಮಗಳ ಬಾಣಂತನಕ್ಕೆಂದು ಆಗುಂಬೆಗೆ ಹೋಗಿದ್ದಾಗ ಚಂದ್ರಿ ಬೆದೆಗೆ ಬಂದಿತ್ತು. ಮೇಧಾ ಅವನನ್ನು ಕರೆಸಿ, ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಹಾಕಿಸಿದ್ದಳು. ಅತ್ತೆ ಹಿಂದಿರುಗುವ ಮೊದಲೇ ಅವನು ಸ್ಕ್ಯಾನ್ ಮಾಡಿಯೂ ನೋಡಿದ್ದ. ಗಬ್ಬ ನಿಂತಿತ್ತು. ಈಗ ಸುಪ್ರಿಯಾಳ ಕೈಯಲ್ಲಿದ್ದ ಬೆದೆ ಬರಿಸುವ ಮದ್ದು ಒಳಗೆ ಹೋದರೆ ಅದು ಕಳಚಿ ಬೀಳುತ್ತಿತ್ತು.

"ನಾನು ಕೈ ಹಾಕಿ ನೋಡಿದ್ದೀನಿ ಕಣೋ. ಖಾಲಿ ಇದೆ. ... ಗೊತ್ತು, ಇಷ್ಟು ಬೇಗ ಕೈಗೆ ಸಿಗಲ್ಲ ಅಂತ ನಂಗೂ ಗೊತ್ತು, ಪಾಠ ಮಾಡ್ಬೇಡ. ಎಮ್ಮೆಗೆ ಕೈ ಹಾಕಿ ವಾಚ್ ಒಳಗೇ ಬಿಟ್ಟು ಬಂದೋನು ನೀನು. ಇಡೀ ಬ್ಯಾಚಲ್ಲಿ ಯಾರ ಕೈ ಚೆನ್ನಾಗಿತ್ತು, ಹೇಳು. ... ಹಾಂ. ಅದನ್ನ ಮೇಧಾಗೂ ಹೇಳ್ಬೇಕಿತ್ತು."

...

"ಮತ್ತೆ ಅತ್ತೆಗ್ಯಾಕೆ ಹೇಳ್ಲಿಲ್ಲ ಅವಳು? ... ಮೂರು ತಿಂಗಳು ತುಂಬೋ ತನಕ ಬಾಯಿ ಬಿಡಬಾರ್ದು, ಕಣ್ಣಾಗತ್ತೆ ಅಂತಾನಾ? ಹಸುವಿಗೂ? ... ಸರಿ, ನಂಗಾದ್ರೂ ಒಂದು ಫೋನ್ ಮಾಡ್ಬಹುದಿತ್ತಲ್ವಾ? ... ಹೆದರಿಕೆಯಾ? ನನ್ನ ಕಂಡ್ರಾ? ... ಬೇರೆ ಡಾಕ್ಟ್ರನ್ನ ಕರೆಸಿದ್ದು ಗೊತ್ತಾದ್ರೆ ಬೈತೀನಿ ಅಂತ. ಬೈತಿದ್ದೆ, ಬಿಡು."

ಹುಟ್ಟುವಾಗ ಅಡ್ಡ ಸಿಕ್ಕಿಕೊಂಡಿದ್ದ ಚಂದ್ರಿಯನ್ನು ತಿರುಗಿಸಿ ಎಳೆದವಳು ಸುಪ್ರಿಯಾ. ಚರ್ಮಗಂಟು ರೋಗ ಬಂದಾಗ ದಿನವೂ ಬಂದು ಹುಣ್ಣು ತೊಳೆದವಳೂ ಅವಳೇ. ಹುಟ್ಟಲಿರುವ ಕರು ಮಾತ್ರ ಹೇರಂಬನದು. ಈ ಫೋನ್ ಎತ್ತದೇ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ, ತಪ್ಪು ಅವಳದೆಂದು ಯಾರೂ ಅನ್ನುತ್ತಲೂ ಇರಲಿಲ್ಲ. ಸೂಜಿ ಈಗಲೂ ಚಂದ್ರಿಯ ಕುತ್ತಿಗೆಯ ಹತ್ತಿರವೇ ಇತ್ತು.

...

"ಇದೀನಿ, ಇದೀನಿ. ... ಇಲ್ಲ ಮಾರಾಯಾ, ಕೊಡಲ್ಲ."

ಸಿರಿಂಜಿನ ಮದ್ದನ್ನು ಮೂಲೆಯ ಸಗಣಿ ರಾಶಿಯ ಮೇಲೆ ಪಿಚಕ್ಕೆಂದು ಚಿಮ್ಮಿಸಿದಳು.

"ಚೆಲ್ಲಿದೆ. ಸಾಕಾ? ... ಥ್ಯಾಂಕ್ಸೆಲ್ಲ ನೀನೇ ಇಟ್ಕೋ. ನೋಡು, ನೀನು ಬಂದು ಹೋಗಿದ್ದನ್ನ ಯಮುನಮ್ಮನಿಗೆ ಹೇಳಲ್ಲ ನಾನು. ... ಮೇಧಾ ಮರ್ಯಾದೆ ಉಳಿಸೋಕಲ್ಲ. ನನ್ನ ಕೈಗೇ ಸಿಕ್ತು ಅಂತೀನಿ. ನೀನೂ ಹಾಗೇ ಅನ್ಬೇಕು. ಅಂತೀಯಾ? ... ನಗ್ಬೇಡ. ಹೇರಂಬಾ, ಅಂತೀಯೋ ಇಲ್ವೋ? ... ಹಲೋ? ... ಹಲೋ?"

ಲೈನ್ ಕಟ್ಟಾಗಿತ್ತು. ಬಿಸಿನೀರಿನ ಚೊಂಬು ಹಿಡಿದು ಯಮುನಮ್ಮ ಹೊಸ್ತಿಲು ದಾಟುತ್ತಿದ್ದರು. ಸುಪ್ರಿಯಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ದನಿ ಮಾತ್ರ ಏರಿಸಿದಳು.

"ಹೌದು ಹೇರಂಬ, ಚಂದ್ರಿ ಗಬ್ಬ ನಿಂತಿದೆ. ... ಇಲ್ಲಪ್ಪ, ಅದಕ್ಕೆ ಯಂತ್ರ ಯಾಕೆ, ನನ್ನ ಕೈಗೇ ಸಿಕ್ತು. ... ಯಾರದ್ದೋ ಏನೋ. ಗುಡ್ಡಕ್ಕೆ ಬಿಟ್ಟಾಗ ಯಾವುದಾದ್ರೂ ಬೀಡಾಡಿ ಹೋರಿ ಸಿಕ್ಕಿರ್ಬೇಕು, ಬಿಡು."