ಸುಂಕಮ್ಮನ ಶನಿವಾರದ ಗುಳಿಗೆ

ಈ ಸಭೆಯ ಅಧ್ಯಕ್ಷರೂ, ನಾನು ಹನ್ನೆರಡು ವರ್ಷಗಳಿಂದ ಮೇಸ್ತ್ರಿಯಾಗಿ ದುಡಿಯುತ್ತಿರುವ ಜೀನ್ಸ್ ಘಟಕದ ಮಾಲೀಕರೂ ಆದ ತಿಪ್ಪಯ್ಯನವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಓಣಿಯ ನರ್ಸಮ್ಮ ಉಜ್ಜಿನಮ್ಮನವರೇ, ಹೊಲಿಗೆ ಯಂತ್ರ ನಿಲ್ಲಿಸಿ ಬಂದಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ರಾಯದುರ್ಗದ ಸಮಸ್ತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೈಕು ಸಿಕ್ಕ ಮೇಸ್ತ್ರಿ ಐದು ನಿಮಿಷಕ್ಕೆ ಕೆಳಗಿಳಿದ ಉದಾಹರಣೆ ಈ ಊರಿನಲ್ಲಿಲ್ಲ. ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳಬೇಕು.

ಹಿಂದೆ ಮಾತನಾಡಿದವರು ಉಜ್ಜಿನಮ್ಮನವರನ್ನು ಶಾಂತಮೂರ್ತಿ ಎಂದರು. ನಾನು ಒಪ್ಪುವುದಿಲ್ಲ. ಅವರು ನನ್ನನ್ನು ಬೈದಷ್ಟು ನನ್ನ ಅತ್ತೆಯೂ ಬೈದಿಲ್ಲ. ಯಾಕೆ ಬೈದರು? ಅದನ್ನು ಹೇಳಲಿಕ್ಕೇ ಎದ್ದು ನಿಂತಿದ್ದೇನೆ.

ನನ್ನ ಹೆಂಡತಿ ಸುಂಕಮ್ಮನನ್ನು ನೀವೆಲ್ಲ ಬಲ್ಲಿರಿ. ನಮ್ಮ ಘಟಕದಲ್ಲಿ ನೆಲದ ಮೇಲೆ ಕುಳಿತು, ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಿದ್ದವಳು. ಕೂತು ಕೂತು ಮೊಣಕಾಲಿನ ಕೀಲು ಸವೆಯಿತು. ಸಂಧಿವಾತ ಅಂದರು. ನನ್ನ ಮೇಜಿನ ಖಾನೆಯಲ್ಲಿ ಕೆಂಪು ನೋವಿನ ಗುಳಿಗೆ ಸದಾ ಇರುತ್ತಿತ್ತು. ಬೆನ್ನು ನೋವೆಂದವರಿಗೆ ಒಂದು, ಸೊಂಟ ನೋವೆಂದವರಿಗೆ ಒಂದು. ದಾನಶೂರನೆಂದು ನನಗೆ ಹೆಮ್ಮೆ ಬೇರೆ! ಸುಂಕಮ್ಮನಿಗೆ ಬೆಳಿಗ್ಗೆ ನಾನೇ ಕೊಡುತ್ತಿದ್ದೆ. ಸಂಜೆ ಅವಳು ಅಂಗಡಿಯಿಂದ ಹಳದಿಯದೊಂದು ತರಿಸಿ ನುಂಗುತ್ತಿದ್ದಳು. ಹೀಗೆ ಎಂಟು ತಿಂಗಳು. ಈ ಗುಳಿಗೆಗಳ ಬಗ್ಗೆ ಯಾವ ವೈದ್ಯರನ್ನೂ ಕೇಳಲಿಲ್ಲ.

ಅವಳಿಗೆ ಶನಿವಾರ ನೇಮಕಲ್ಲು ಆಂಜನೇಯನ ಒಪ್ಪತ್ತು. ಹೊತ್ತು ಮುಳುಗುವವರೆಗೆ ಅನ್ನ ಮುಟ್ಟುವುದಿಲ್ಲ. ಗುಳಿಗೆಯನ್ನು ಮಾತ್ರ ಬಿಡುತ್ತಿರಲಿಲ್ಲ. "ಗುಳಿಗಿ ನುಂಗಿದ್ರ ಒಪ್ಪತ್ತು ಕೆಡಂಗಿಲ್ಲ ಬಿಡ್ರಿ, ಅದೇನು ಅನ್ನ ಅಲ್ಲಲ್ಲ" ಎನ್ನುತ್ತಿದ್ದಳು. ನಾನೂ ಹೌದೆಂದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತಿಲ್ಲ? ಕೈ ಎತ್ತಬೇಡಿ, ನರ್ಸಮ್ಮ ನೋಡುತ್ತಿದ್ದಾರೆ.

ಹೋದ ವರ್ಷ ಒಂದು ಶನಿವಾರ ಉಜ್ಜಿನಮ್ಮ ಬಿ.ಪಿ. ನೋಡಲು ಮನೆಗೆ ಬಂದರು. ಸುಂಕಮ್ಮನ ಮುಖ ಬಿಳಿಚಿಕೊಂಡಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಅವರು ಅವಳ ಕಿವಿಯಲ್ಲಿ ಏನೋ ಕೇಳಿದರು. ನಾಲ್ಕು ದಿನದಿಂದ ಮಲ ಡಾಂಬರಿನಂತೆ ಕಪ್ಪಾಗಿತ್ತಂತೆ. ನನಗೆ ಹೇಳಲು ಅವಳಿಗೆ ನಾಚಿಕೆ. ನಿಂತ ನಿಲುವಿನಲ್ಲೇ ಆಟೋ ಕರೆಸಿ ಬಳ್ಳಾರಿಯ ಆಸ್ಪತ್ರೆಗೆ ಹೊರಡಿಸಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಇನ್ನೊಂದು ದಿನ ತಡೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಅಲ್ಲಿನ ವೈದ್ಯರು. ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತಿದ್ದೇನೆ. ಮೇಸ್ತ್ರಿ ಅಳಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ?

ಉಜ್ಜಿನಮ್ಮ ಎರಡೂ ಗುಳಿಗೆಗಳನ್ನು ಅಂಗೈಯಲ್ಲಿಟ್ಟು ಬೈದರು: "ಬಣ್ಣ ಬ್ಯಾರೆ ಆದ್ರ ಔಷಧ ಬ್ಯಾರೆ ಅಂದ್ಕೊಂಡ್ರೇನ್ರಿ ಮೇಸ್ತ್ರಿ? ಎರಡೂ ಒಂದ ಜಾತಿವು! ಖಾಲಿ ಹೊಟ್ಟಿಗಿ ನೀವೊಂದು ಕೊಟ್ರಿ, ಆಕಿ ಇನ್ನೊಂದು ನುಂಗಿದ್ಲು. ಆಕಿ ಉಂಡಾಳೇನು ಅಂತ ಒಂದಿನಾರ ಕೇಳೀರೇನು?"

ಕೇಳಿರಲಿಲ್ಲ. ಎಷ್ಟು ಪ್ಯಾಂಟು ಮುಗಿಯಿತು ಎಂದು ದಿನಾ ಕೇಳುತ್ತಿದ್ದೆ.

ಅಂದಿನಿಂದ ನನ್ನ ಖಾನೆ ಖಾಲಿ. ಆ ಗುಳಿಗೆ ಕೆಟ್ಟದ್ದಲ್ಲ, ವೈದ್ಯರು ಹೇಳಿದಷ್ಟು, ಹೇಳಿದಷ್ಟೇ ದಿನ, ಊಟದ ಮೇಲೆ ತೆಗೆದುಕೊಂಡರೆ ಉಪಕಾರವೇ. ಆದರೆ ಬಿ.ಪಿ. ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು, ಹೊಟ್ಟೆ ಹುಣ್ಣಿನವರು ಮೊದಲೇ ಹೇಳಿಬಿಡಬೇಕು. ಸುಂಕಮ್ಮನಿಗಂತೂ ಆ ಜಾತಿಯ ಗುಳಿಗೆಯೇ ಬೇಡವೆಂದರು ಬಳ್ಳಾರಿಯ ವೈದ್ಯರು. ಕಾಲಿನ ವ್ಯಾಯಾಮ ಹೇಳಿಕೊಟ್ಟರು, ಹೊಟ್ಟೆ ಖಾಲಿ ಬಿಡಬೇಡ ಎಂದರು. ಉಜ್ಜಿನಮ್ಮನವರ ಬೈಗುಳಕ್ಕೆ ಹೆದರಿ ತಿಪ್ಪಯ್ಯನವರು ದಾರ ಕತ್ತರಿಸುವವರಿಗೆ ಬೆಂಚು ಹಾಕಿಸಿದರು. ಚಪ್ಪಾಳೆ ಅವರಿಗೂ ಸಲ್ಲಬೇಕು.

ಇಷ್ಟಾದರೂ ಸುಂಕಮ್ಮ ಒಪ್ಪತ್ತು ಬಿಡಲಿಲ್ಲ. ನಾನು ಬೇಡಿಕೊಂಡೆ, ಸಿಟ್ಟಾದೆ. ಹೋದ ಶನಿವಾರ ಉಜ್ಜಿನಮ್ಮ ಹೇಳಿಹೋಗಲು ಬಂದಾಗ ಅಡುಗೆಮನೆಯಲ್ಲಿ ಇಬ್ಬರೂ ಮಾತನಾಡುತ್ತಿದ್ದರು. ಕದ್ದು ಕೇಳಿದೆ, ತಪ್ಪು ಒಪ್ಪಿಕೊಳ್ಳುತ್ತೇನೆ. ಮದುವೆಯಾದ ಹೊಸದರಲ್ಲಿ ನಾನು ನಾಲ್ಕು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದೆ. ಹಬ್ಬಕ್ಕೆ ಬರುತ್ತಿದ್ದೆ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ಈ ಸಭೆಗೆ ಬೇಡ. ನಾನು ಮರಳಿ ಬರಲೆಂದು ಅವಳು ಆಗ ಹಿಡಿದ ಒಪ್ಪತ್ತು ಇದು.

"ಬಂದು ಹನ್ನೆರಡು ವರ್ಷ ಆತಲ್ಲ, ಇನ್ನೂ ಯಾಕ?" ಎಂದರು ನರ್ಸಮ್ಮ.

"ಬಂದಾರ, ಖರೆ. ಮತ್ತ ಹೋಗಂಗಿಲ್ಲ ಅಂತ ಒಂದಿನಾನೂ ಹೇಳಿಲ್ಲ ನೋಡಕ್ಕ" ಎಂದಳು ಸುಂಕಮ್ಮ.

ಸಭಿಕರೇ, ಇಂಥ ಮಾತು ಕೇಳಿದ ಗಂಡಸಿಗೆ ಯಾವ ಅಂಗಡಿಯಲ್ಲಿ ಗುಳಿಗೆ ಸಿಗುತ್ತದೆ?

ತಿಪ್ಪಯ್ಯನವರೇ, ಬೆಂಗಳೂರಿನ ನಿಮ್ಮ ಹೊಸ ಘಟಕಕ್ಕೆ ಹೋಗುತ್ತೀಯಾ ಎಂದು ಕೇಳಿದ್ದಿರಿ. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ಬೇರೆಯವರನ್ನು ನೋಡಿಕೊಳ್ಳಿ.

ಉಜ್ಜಿನಮ್ಮನವರೇ, ನೀವು ನನಗೆ ನನ್ನ ಹೆಂಡತಿಯನ್ನು ಉಳಿಸಿಕೊಟ್ಟಿರಿ. ನಿಮಗೂ ಇಷ್ಟು ಹೊತ್ತು ಸಹಿಸಿದ ಸಭೆಗೂ ನನ್ನ ವಂದನೆಗಳು. ಇವತ್ತೂ ಶನಿವಾರ, ಹೊತ್ತಿನ್ನೂ ಮುಳುಗಿಲ್ಲ, ಹೊರಗೆ ಊಟದ ಎಲೆ ಹಾಕುತ್ತಿದ್ದಾರೆ. ಸುಂಕಮ್ಮಾ, ತಲೆ ಎತ್ತು. ನಾಲ್ಕು ಮಂದಿಯ ಎದುರು ಹೇಳುತ್ತಿದ್ದೇನೆ: ನಾ ಎಲ್ಲಿಗೂ ಹೋಗಂಗಿಲ್ಲ. ಏಳು, ಉಣ್ಣಾಕ ನಡಿ.

ಎಲ್ಲರಿಗೂ ನಮಸ್ಕಾರ.